ಎಲೆಯ ಮೇಲೆ ಎಷ್ಟು ಪಲ್ಯ? ಎಲೆಯ ಮುಂದೆ ಎಷ್ಟು ಜನ?
(ಮಾತೆ ಮರಿಯಮ್ಮನವರ ಜನನೋತ್ಸವ – ತೆನೆ ಹಬ್ಬದ ಚಿಂತನೆ)

ಆಗಸ್ಟ್ 30 ಬಂತೆಂದರೆ ನಮ್ಮ ಕರಾವಳಿ ಮತ್ತು ಮಲೆನಾಡಿನ ಧರ್ಮಕೇಂದ್ರಗಳಲ್ಲಿ ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ ಕಾಣಿಸಿಕೊಳ್ಳುತ್ತದೆ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಬೇಲಿಬದಿಯ ಹೂ, ಹಿತ್ತಲಿನ ಹೂ, ಸಿಕ್ಕಿದ್ದನ್ನೆಲ್ಲ ಕೊಯ್ದು ತಂದು ಒಂಬತ್ತು ದಿನ ಬಾಲ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8 ರಂದು ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ದಿವ್ಯ ಬಲಿಪೂಜೆಯಾದ ಮೇಲೆ ಪ್ರತಿ ಕುಟುಂಬಕ್ಕೂ ತೆನೆ ಸಿಗುತ್ತದೆ, ಮಕ್ಕಳಿಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ಹೊಸ ಅಕ್ಕಿಯ ಊಟ.

ಧರ್ಮಸಭೆಯ ಪೂಜಾ ಪಂಚಾಂಗದಲ್ಲಿ ಮೂವರ ಹುಟ್ಟನ್ನು ಮಾತ್ರ ಆಚರಿಸಲಾಗುತ್ತದೆ. ಪ್ರಭು ಯೇಸುಕ್ರಿಸ್ತರದು, ಸ್ನಾನಿಕ ಯೊವಾನ್ನರದು ಮತ್ತು ಮಾತೆ ಮರಿಯಮ್ಮನವರದು. ಮರಿಯಮ್ಮನವರ ಜನನೋತ್ಸವವನ್ನು ಹೊಸ ಬೆಳೆಯ ಹಬ್ಬದೊಡನೆ ಕೂಡಿಸಿದ್ದು ನಮ್ಮ ನಾಡಿನ ವಿಶೇಷ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿದ್ದ ಮೊಂತೆ ಮರಿಯಾನೊ ದೇವಾಲಯದಲ್ಲಿ ವಂದನೀಯ ಜೋಕಿಂ ಮಿರಾಂದಾ ಅವರು 1763 ರಲ್ಲಿ ಈ ಆಚರಣೆಗೆ ನಾಂದಿ ಹಾಡಿದರೆಂಬುದು ನಮ್ಮ ಹಿರಿಯರಿಂದ ಬಂದಿರುವ ಮಾತು. ಕೊಂಕಣಿ ಮಾತನಾಡುವವರು ಇದನ್ನು 'ಮೊಂತಿ ಫೆಸ್ತ್' ಎನ್ನುವುದು ಆ 'ಮೊಂತೆ'ಯಿಂದಲೇ.

ಈ ಲೇಖನದಲ್ಲಿ ನಾವು ಮಾತನಾಡಬೇಕೆಂದಿರುವುದು ಹಬ್ಬದ ಅಡುಗೆಮನೆಯ ಬಗ್ಗೆ. ಅದರಲ್ಲೂ ಆಗಷ್ಟೇ ತಾಯಿಯಾದವಳು ಇರುವ ಅಡುಗೆಮನೆಯ ಬಗ್ಗೆ.

ಹಬ್ಬದ ಊಟದ ಹಿಂದಿನ ದುಡಿಮೆ

ತೆನೆ ಹಬ್ಬದಂದು ಮೀನು, ಮಾಂಸವಿಲ್ಲ. ಬಾಳೆಎಲೆಯ ಮೇಲೆ ಐದೋ, ಏಳೋ, ಒಂಬತ್ತೋ, ಹೀಗೆ ಬೆಸಸಂಖ್ಯೆಯಲ್ಲಿ ತರಕಾರಿ ಪದಾರ್ಥಗಳಿರಬೇಕೆಂಬುದು ವಾಡಿಕೆ. ಹರಿವೆ ದಂಟು, ಬೆಂಡೆಕಾಯಿ, ಹೀರೆಕಾಯಿ, ಅಲಸಂದೆ, ಅಂಬಟೆ ಹಾಕಿದ ಹಾಗಲಕಾಯಿ, ಕಡಲೆ ಸುಕ್ಕ, ಕೊನೆಗೆ ಬೆಲ್ಲ ಮತ್ತು ತೆಂಗಿನ ಹಾಲಿನ ಪಾಯಸ. ಕೆಲವು ಮನೆಗಳಲ್ಲಿ ಪತ್ರೊಡೆಯೂ ಉಂಟು.

ಪತ್ರೊಡೆ ತಿನ್ನಲು ಐದು ನಿಮಿಷ ಸಾಕು. ಮಾಡಲು? ಹಿಂದಿನ ದಿನವೇ ಕೆಸುವಿನ ಎಲೆ ಕೊಯ್ದು ತರಬೇಕು, ನಾರು ತೆಗೆಯಬೇಕು. ಅಕ್ಕಿ ನೆನೆಸಿ, ಮಸಾಲೆಯೊಡನೆ ರುಬ್ಬಬೇಕು. ಗಂಟಲು ತುರಿಸದಿರಲು ಹುಣಸೆಹುಳಿ ಸಾಕಷ್ಟು ಬೀಳಬೇಕು. ಒಂದೊಂದೇ ಎಲೆಗೆ ಹಿಟ್ಟು ಬಳಿದು, ಒಂದರ ಮೇಲೊಂದು ಇಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಇದು ಒಂದು ಪದಾರ್ಥದ ಕಥೆ. ಇಂಥವು ಏಳು, ಒಂಬತ್ತು ಆಗಬೇಕಾದರೆ ಮನೆಯ ಹೆಂಗಸರು ಎಷ್ಟು ಗಂಟೆಗೆ ಏಳಬೇಕು, ಎಷ್ಟು ತೆಂಗಿನಕಾಯಿ ತುರಿಯಬೇಕು ಎಂಬುದನ್ನು ಎಲೆಯ ಮುಂದೆ ಕುಳಿತವರು ಲೆಕ್ಕ ಹಾಕುವುದಿಲ್ಲ.

ಹಿಂದೆ ಕೂಡುಕುಟುಂಬಗಳಿದ್ದವು. ಒಬ್ಬರು ಹೆಚ್ಚಿದರೆ ಇನ್ನೊಬ್ಬರು ಕಡೆಯುತ್ತಿದ್ದರು. ಬಾಣಂತಿಯನ್ನು ಒಲೆಯ ಹತ್ತಿರ ಬಿಡದಷ್ಟು ಕೈಗಳು ಮನೆಯಲ್ಲಿದ್ದವು. ಇಂದು ಮನೆಯಲ್ಲಿ ಇರುವವರು ಮೂವರೋ ನಾಲ್ವರೋ. ಕೈಗಳು ಕಡಿಮೆಯಾಗಿವೆ, ಪಲ್ಯಗಳ ಸಂಖ್ಯೆ ಮಾತ್ರ ಹಾಗೆಯೇ ಉಳಿದಿದೆ.

ಒಂದು ಹಬ್ಬದ ದಿನ ನಡೆದದ್ದು

ನಮ್ಮ ವಾರ್ಡಿನ ತಾಯಂದಿರು ನೊವೇನದ ಒಂದು ಸಂಜೆ ಹಬ್ಬದ ಅಡುಗೆಯ ಬಗ್ಗೆ ಮಾತನಾಡುತ್ತಾ ಕುಳಿತಿದ್ದೆವು. ನಮ್ಮಲ್ಲೊಬ್ಬರು ತಮ್ಮ ಮೊದಲ ಮಗುವಿಗೆ ಮೂರು ತಿಂಗಳಾಗಿದ್ದಾಗ ಬಂದ ತೆನೆ ಹಬ್ಬವನ್ನು ನೆನಪಿಸಿಕೊಂಡರು.

ಅವರ ಗಂಡನ ಮನೆಯಲ್ಲಿ ಒಂಬತ್ತು ಪದಾರ್ಥಗಳ ಪದ್ಧತಿ. ತವರಿನಿಂದ ಬಂದ ಮೇಲೆ ಅದೇ ಮೊದಲ ದೊಡ್ಡ ಹಬ್ಬ. ಯಾರೂ ಅವರನ್ನು ಒತ್ತಾಯಿಸಿರಲಿಲ್ಲ. ಆದರೆ, ಮಗುವಿನ ನೆಪ ಹೇಳಿ ಕುಳಿತಳೆಂಬ ಮಾತು ಬರಬಾರದೆಂದು ಬೆಳಗಿನ ಜಾವ ನಾಲ್ಕಕ್ಕೇ ಎದ್ದರು. ಮಗು ಅತ್ತಾಗ ಒಲೆ ಸಣ್ಣ ಮಾಡಿ ಓಡುವುದು, ಮಗು ಮಲಗಿದಾಗ ಮತ್ತೆ ಬಂದು ಕಡೆಯುವುದು. ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ಸಿದ್ಧವಾದವು. ಎಲೆ ಹಾಕಿದರು. ಅಷ್ಟರಲ್ಲಿ ಮಗು ಮತ್ತೆ ಹಾಲಿಗಾಗಿ ಅತ್ತಿತು. ಕೋಣೆಯೊಳಗೆ ಕುಳಿತು ಹಾಲೂಡಿಸುತ್ತಿದ್ದಾಗ ಹೊರಗೆ ಪ್ರಾರ್ಥನೆ ಕೇಳಿಸಿತು. ಮಾವನವರು ಹೊಸ ಅಕ್ಕಿಯನ್ನು ಹಂಚುವುದು ಕೇಳಿಸಿತು. ಮಗುವನ್ನು ಮಲಗಿಸಿ ಅವರು ಹೊರಗೆ ಬಂದಾಗ ಎಲೆಗಳನ್ನು ಎತ್ತಿ ಆಗಿತ್ತು. ಮೂರು ಗಂಟೆಗೆ ಅಡುಗೆಮನೆಯಲ್ಲಿ ಒಬ್ಬರೇ ಕುಳಿತು, ಪಾತ್ರೆಗಳ ತಳದಲ್ಲಿ ಉಳಿದದ್ದನ್ನು ಬಡಿಸಿಕೊಂಡರು. ಹೊಸ ಅಕ್ಕಿಯ ಹಾಲಿನ ಬಟ್ಟಲು ಖಾಲಿಯಾಗಿತ್ತು.

"ಹಸಿವಿನ ದುಃಖ ಅಲ್ಲ ಅದು. ಆ ಮನೆಯ ಹಬ್ಬಕ್ಕೆ ಅಡುಗೆ ಮಾಡಿದವಳು ನಾನು, ಆ ಮನೆಗೆ ಮಗು ಕೊಟ್ಟವಳು ನಾನು. ನನಗೆ ಒಂದು ಚಮಚ ನೊವೆಂ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲವಲ್ಲ" ಎಂದರು.

ಅವರ ಅತ್ತೆಯವರು ಕೆಟ್ಟವರಲ್ಲ. ಸಂಜೆ ಆ ಖಾಲಿ ಬಟ್ಟಲನ್ನು ತೊಳೆಯುವಾಗ ಅವರಿಗೆ ಸಂಗತಿ ಅರಿವಾಯಿತು. "ನನಗೂ ಹಾಗೇ ಆಗಿತ್ತು ಮಗಾ. ಹೆಂಗಸರು ಕೊನೆಗೆ ಉಣ್ಣುವುದೇ ಕ್ರಮ ಅಂದುಕೊಂಡಿದ್ದೆ" ಎಂದರಂತೆ. ಮರುವರ್ಷ ಅತ್ತೆಯವರೇ ನಿರ್ಧಾರ ಮಾಡಿದರು: "ಐದು ಪದಾರ್ಥ ಸಾಕು. ಮಗುವಿನದಾದ ಮೇಲೆ ಎಲ್ಲರೂ ಒಟ್ಟಿಗೆ ಕೂರುವುದು." ಅಂದು ಊಟ ಒಂದು ಗಂಟೆ ತಡವಾಯಿತು. ಅದು ಯಾರಿಗೂ ದೊಡ್ಡದೆನಿಸಲಿಲ್ಲ.

ತಾಯ್ತನದಿಂದ ಬದಲಾಗುವುದೇನು?

ಮದುವೆಯಾದ ಹೊಸದರಲ್ಲಿ ನಮ್ಮಲ್ಲಿ ಹಲವರಿಗೆ ಹಬ್ಬದ ಅಡುಗೆ ಒಂದು ಪರೀಕ್ಷೆಯಿದ್ದಂತೆ. ಪಾಯಸ ಹದವಾಯಿತೇ, ಅತ್ತೆಯ ಕೈರುಚಿ ಬಂತೇ, ನೆಂಟರು ಏನೆಂದರು ಎಂಬುದೇ ಚಿಂತೆ. ಮಗು ಬಂದ ಮೇಲೆ ಪ್ರಶ್ನೆಗಳು ಬೇರೆಯಾಗುತ್ತವೆ. ಮಗು ಹಾಲು ಕುಡಿಯಿತೇ? ಮಲಗಿತೇ? ಮೈ ಬಿಸಿಯಿದೆಯೇ? ಮೊದಲು ಮುಖ್ಯವಾಗಿದ್ದ ಒಂಬತ್ತನೆಯ ಪಲ್ಯ ಈಗ ಎಷ್ಟನೆಯದೋ ಸಾಲಿಗೆ ಹೋಗುತ್ತದೆ. ಇದನ್ನು ಕೆಲವರು ಸೋಮಾರಿತನ ಎನ್ನುತ್ತಾರೆ. ಎಷ್ಟೋ ತಾಯಂದಿರು ತಮ್ಮನ್ನು ತಾವೇ ಹಾಗೆ ಹಳಿದುಕೊಳ್ಳುತ್ತಾರೆ.

ನಾವು ಹೇಳಬೇಕೆಂದಿರುವುದು ಇಷ್ಟೇ: ಇದು ಸೋಮಾರಿತನವಲ್ಲ. ಹಬ್ಬದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಗು ನಮಗೆ ತಿಳಿಸಿಕೊಡುತ್ತದೆ. ಪವಿತ್ರ ಗ್ರಂಥವೂ ಅದನ್ನೇ ತಿಳಿಸುತ್ತದೆ.

ರೂತಳ ಸೆರಗಿನಲ್ಲಿದ್ದ ಹುರಿದ ಕಾಳು

ಜನನೋತ್ಸವದ ದಿನ ಓದುವ ಶುಭಸಂದೇಶ ಸಂತ ಮತ್ತಾಯನದು. ಯೇಸುಸ್ವಾಮಿಯ ವಂಶಾವಳಿ (ಮತ್ತಾಯ 1:1-16, 18-23). ಸಾಲುಸಾಲಾಗಿ ಗಂಡಸರ ಹೆಸರುಗಳು ಬರುತ್ತವೆ. ಅವುಗಳ ನಡುವೆ ಕೆಲವೇ ಸ್ತ್ರೀಯರು. ಅವರಲ್ಲಿ ಒಬ್ಬಳು ರೂತಳು.

ರೂತಳು ವಿಧವೆ, ಪರದೇಶದವಳು. ಅತ್ತೆ ನವೊಮಿಯೊಡನೆ ಬೆತ್ಲೆಹೇಮಿಗೆ ಬಂದಾಗ ಅಲ್ಲಿ ಜವೆಗೋದಿಯ ಕೊಯ್ಲು ಶುರುವಾಗಿತ್ತು (ರೂತ್ 1:22). ಹೊಲದಲ್ಲಿ ತೆನೆ ಆಯುತ್ತಿದ್ದ ಅವಳನ್ನು ಬೋವಜನು ಊಟಕ್ಕೆ ಕರೆದು ಹುರಿದ ಕಾಳು ಕೊಟ್ಟನು. ಅವಳು ಹೊಟ್ಟೆ ತುಂಬ ತಿಂದು, ಉಳಿದದ್ದನ್ನು ಮನೆಗೆ ತಂದು ಅತ್ತೆಗೆ ಕೊಟ್ಟಳು (ರೂತ್ 2:14,18). ಹೊಸ ಬೆಳೆಯ ಒಂದು ಹಿಡಿ ಕಾಳು, ಮನೆಯಲ್ಲಿ ಹಸಿದು ಕುಳಿತವರಿಗಾಗಿ ತೆಗೆದಿಟ್ಟ ಪಾಲು! ನಮ್ಮ ನೊವೆಂ ಎಂದರೂ ಇದೇ ಅಲ್ಲವೇ?

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ರೂತಳು ಬೋವಜನ ಮಡದಿಯಾಗಿ ಗಂಡುಮಗುವನ್ನು ಹೆತ್ತಳು. ಆಗ ನವೊಮಿ ಆ ಮಗುವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಅದನ್ನು ಸಾಕುವವಳಾದಳು (ರೂತ್ 4:16). ಸೊಸೆ ಅತ್ತೆಗಾಗಿ ಕಾಳು ತೆಗೆದಿಟ್ಟಳು. ಅತ್ತೆ ಸೊಸೆಯ ಮಗುವಿಗೆ ಮಡಿಲು ಕೊಟ್ಟಳು. ಆ ಮಗು ಓಬೇದ, ದಾವೀದನ ಅಜ್ಜ. ಆ ವಂಶದಲ್ಲೇ ನಮ್ಮ ರಕ್ಷಕರು ಹುಟ್ಟಿದರು. ದೇವರ ರಕ್ಷಣಾ ಯೋಜನೆ ಅತ್ತೆ ಸೊಸೆಯರ ಈ ಕೊಡುಕೊಳ್ಳುವಿಕೆಯ ಮೂಲಕ ಸಾಗಿ ಬಂದಿತೆಂಬುದನ್ನು ಹಬ್ಬದ ದಿನ ವಂಶಾವಳಿ ಕೇಳುವಾಗ ನಾವು ನೆನೆಯಬೇಕು.

ಸ್ವಾಮಿಯೂ ಅಡುಗೆ ಮಾಡಿದರು

ಬಡಿಸುವುದರಲ್ಲೇ ಮುಳುಗಿ ಕಳವಳಗೊಂಡ ಮಾರ್ತಳಿಗೆ ಯೇಸು ಹೇಳಿದ ಬುದ್ಧಿಮಾತು ನಮಗೆಲ್ಲ ಗೊತ್ತು (ಲೂಕ 10:38-42). ಆ ಮಾತನ್ನು ಹಿಡಿದುಕೊಂಡು ಅಡುಗೆ ಕೀಳು ಕೆಲಸವೆಂದು ಭಾವಿಸಬಾರದು. ಪುನರುತ್ಥಾನರಾದ ಸ್ವಾಮಿ ತಾವೇ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಬೇಯಿಸಿ, ರಾತ್ರಿಯಿಡೀ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದರು (ಯೊವಾನ್ನ 21:9-13). ಯಾಯೀರನ ಮಗಳನ್ನು ಜೀವಕ್ಕೆ ಎಬ್ಬಿಸಿದ ಮೇಲೆ, ಆ ಹುಡುಗಿಗೆ ತಿನ್ನಲು ಏನಾದರೂ ಕೊಡಿರೆಂದು ಹೇಳಲು ಅವರು ಮರೆಯಲಿಲ್ಲ (ಮಾರ್ಕ 5:43). ದಣಿದವರು ಯಾರು, ಹಸಿದವರು ಯಾರು ಎಂಬುದರ ಮೇಲೆ ಸ್ವಾಮಿಯ ಕಣ್ಣು ಇತ್ತು.

ಕಾನಾ ಊರಿನ ಮದುವೆಯಲ್ಲಿ ಮಾತೆ ಮರಿಯಮ್ಮನವರ ಕಣ್ಣೂ ಅಂಥದ್ದೇ. ದ್ರಾಕ್ಷಾರಸ ಮುಗಿದದ್ದನ್ನು ಗಮನಿಸಿ ಮಗನಿಗೆ ತಿಳಿಸಿದವರು ಅವರು (ಯೊವಾನ್ನ 2:3). ಕೊರತೆಯನ್ನು ಮೊದಲು ಕಾಣುವುದು ತಾಯಿಯ ಗುಣ. ಹಾಗಾದರೆ ತಾಯಿಯ ಕೊರತೆಯನ್ನು ಕಾಣುವವರು ಯಾರು? ತಾಯಂದಿರ ದುಡಿಮೆಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅವರ ಮಾತಿಗೆ ಕಿವಿಗೊಡುವವರೂ ಅವರ ದಿನನಿತ್ಯದ ಬದುಕಿಗೆ ನೆರವಾಗುವವರೂ ಕಡಿಮೆ ಎಂದು ಪೋಪ್ ಫ್ರಾನ್ಸಿಸ್ ಅವರು 2015 ರ ಜನವರಿಯ ತಮ್ಮ ಬೋಧನೆಯೊಂದರಲ್ಲಿ ನೊಂದು ನುಡಿದಿದ್ದರು.

ಈ ಹಬ್ಬದಲ್ಲಿ ನಾವೇನು ಮಾಡಬಹುದು?

ಮೊದಲನೆಯದಾಗಿ, ಹಬ್ಬದ ತಿರುಳು ಯಾವುದೆಂದು ತಿಳಿಯೋಣ. ಆಶೀರ್ವದಿಸಿದ ತೆನೆಯ ಕಾಳುಗಳನ್ನು ಸುಲಿದು, ಪುಡಿ ಮಾಡಿ, ಹಾಲಿಗೋ ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯೊಡನೆ ಮನೆಯವರೆಲ್ಲ ಒಟ್ಟಿಗೆ ಸೇವಿಸುವುದು ಹಬ್ಬದ ತಿರುಳು. ಹಳೆಯ ಒಡಂಬಡಿಕೆಯಲ್ಲೂ ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ತನಕ ಹೊಸ ಕಾಳನ್ನು ಮುಟ್ಟಬಾರದೆಂಬ ಕಟ್ಟಳೆಯಿತ್ತು (ಯಾಜಕಕಾಂಡ 23:10-14). ಪಲ್ಯಗಳ ಸಂಖ್ಯೆ ನಮ್ಮ ಹಿರಿಯರ ಅಂದದ ವಾಡಿಕೆ, ಉಳಿಸಿಕೊಳ್ಳೋಣ. ಆದರೆ ಐದೂ ಬೆಸಸಂಖ್ಯೆಯೇ, ಮೂರೂ ಬೆಸಸಂಖ್ಯೆಯೇ.

ಎರಡನೆಯದಾಗಿ, ಮನೆಯ ಕೊನೆಯ ವ್ಯಕ್ತಿ ಬಂದು ಕೂರುವ ತನಕ ಕಾಯೋಣ. ಅದು ಮಗುವಿಗೆ ಹಾಲೂಡಿಸುವ ತಾಯಿಯಾಗಿರಬಹುದು, ಮೆಲ್ಲಗೆ ನಡೆದು ಬರುವ ಅಜ್ಜಿಯಾಗಿರಬಹುದು. ದೂರದ ಊರುಗಳಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಾಳು ಕಳುಹಿಸುವವರು ನಾವು. ಪಕ್ಕದ ಕೋಣೆಯಲ್ಲಿರುವವಳನ್ನು ಮರೆಯಬಹುದೇ?

ಮೂರನೆಯದಾಗಿ, ಗಂಡಸರೂ ಕೈ ಜೋಡಿಸಲಿ. ತೆಂಗಿನಕಾಯಿ ತುರಿಯಲು, ತರಕಾರಿ ಹೆಚ್ಚಲು, ಎಲೆ ತೊಳೆಯಲು, ಊಟದ ನಂತರ ಪಾತ್ರೆ ಉಜ್ಜಲು ವಿಶೇಷ ವಿದ್ಯೆ ಬೇಕಿಲ್ಲ. ತಂದೆ ಅಡುಗೆಮನೆಯಲ್ಲಿ ಕೆಲಸ ಮಾಡುವುದನ್ನು ನೋಡಿ ಬೆಳೆದ ಗಂಡುಮಗ ನಾಳೆ ತನ್ನ ಮಡದಿಗೆ ಆಸರೆಯಾಗುತ್ತಾನೆ.

ನಾಲ್ಕನೆಯದಾಗಿ, ಹಾಲೂಡಿಸುವ ತಾಯಿಯನ್ನು ಹಸಿವಿನಲ್ಲಿ ಇಡದಿರೋಣ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಿಳಿಸಿದೆ. ಮಧ್ಯಾಹ್ನದ ಊಟ ಮೂರು ಗಂಟೆಯಾಗುವುದಿದ್ದರೆ ಬೆಳಿಗ್ಗೆಯೇ ಅವಳಿಗೆ ಹೊಟ್ಟೆತುಂಬ ತಿಂಡಿ ಕೊಡಬೇಕು. ಆರು ತಿಂಗಳು ತುಂಬದ ಶಿಶುವಿನ ಬಾಯಿಗೆ ಹಬ್ಬದ ಶಾಸ್ತ್ರವೆಂದು ಹೊಸ ಅಕ್ಕಿಯ ಹಾಲನ್ನೋ ಪಾಯಸವನ್ನೋ ಹಾಕುವುದೂ ಬೇಡ. ಅದಕ್ಕೆ ತಾಯಿಯ ಹಾಲೇ ಊಟ. ತಾಯಿ ನೊವೆಂ ಸೇವಿಸಿದರೆ ಮಗುವಿನ ಪಾಲೂ ಅದರಲ್ಲೇ ಸಂದಿತೆಂದು ತಿಳಿಯೋಣ.

ಖಾಲಿ ತೊಟ್ಟಿಲಿನ ಮನೆಗಳು

ತಾಯ್ತನದ ಮಾತು ಕೇಳಿ ಮನಸ್ಸಿನಲ್ಲೇ ನೋಯುವವರೂ ನಮ್ಮ ನಡುವೆ ಇದ್ದಾರೆ. ಮಕ್ಕಳಾಗದವರು, ಮಗುವನ್ನು ಕಳೆದುಕೊಂಡವರು. ಮರಿಯಮ್ಮನವರ ತಂದೆತಾಯಿಯರ ಹೆಸರು ಬೈಬಲ್ಲಿನಲ್ಲಿಲ್ಲ. ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರು ಬಹುಕಾಲ ಮಕ್ಕಳಿಲ್ಲದೆ, ಜನರ ಚುಚ್ಚುಮಾತು ಕೇಳಿ ಬದುಕಿದರೆಂದು ಎರಡನೆಯ ಶತಮಾನದಿಂದ ಬಂದಿರುವ ಪುರಾತನ ಸಂಪ್ರದಾಯ ಹೇಳುತ್ತದೆ. ನಾವು ಹಬ್ಬ ಮಾಡುವುದು ಅಂಥವರ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರಿನಲ್ಲಿ. ಆದ್ದರಿಂದ ಹಬ್ಬದ ಪಂಕ್ತಿಯಲ್ಲಿ "ನಿಮಗಿನ್ನೂ ಆಗಿಲ್ಲವೇ?" ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರದಿರಲಿ. ಹೆಣ್ಣುಮಗು ಹುಟ್ಟಿತೆಂದು ಮುಖ ಸಣ್ಣ ಮಾಡುವವರೂ ನೆನಪಿಡಲಿ: ತೆನೆ ಹಬ್ಬ ಒಂದು ಹೆಣ್ಣುಮಗುವಿನ ಹುಟ್ಟುಹಬ್ಬ.

ಪ್ರಿಯ ಓದುಗರೇ, ಈ ಸಲ ಎಲೆ ಹಾಕುವ ಮೊದಲು ಪಲ್ಯಗಳನ್ನು ಎಣಿಸುವ ಬದಲು ಮನೆಯವರನ್ನು ಎಣಿಸೋಣ. ಒಬ್ಬರು ಕಡಿಮೆಯಿದ್ದರೆ ಅವರು ಎಲ್ಲಿದ್ದಾರೆಂದು ಹೋಗಿ ನೋಡೋಣ. ಮಗುವನ್ನು ನಾವು ಎತ್ತಿಕೊಂಡು ತಾಯಿಯನ್ನು ಎಲೆಯ ಮುಂದೆ ಕೂರಿಸೋಣ. ಮೊದಲ ಚಮಚ ನೊವೆಂ ಆ ವರ್ಷ ಹೆತ್ತವಳಿಗೆ ಸಿಗಲಿ.

ಬಾಲ ಮರಿಯಮ್ಮನವರು ನಮ್ಮ ಮನೆಗಳನ್ನೂ ಮಕ್ಕಳನ್ನೂ ಹರಸಲಿ. ಎಲ್ಲರಿಗೂ ತೆನೆ ಹಬ್ಬದ ಶುಭಾಶಯಗಳು.