ಫೋನು ನಿಮ್ಮದು, ಸಿಮ್ಮು ಯಾರದು?

ಹಬ್ಬಕ್ಕೆ ಊರಿಗೆ ಬಂದ ಮಗ ‘ಅಮ್ಮಾ, ಇದು ನಿಂಗೆ’ ಅಂತ ಹೊಸ ಫೋನು ಕೈಗಿಡುತ್ತಾನೆ. ಎಷ್ಟು ಖುಷಿ! ಅವನು ಬಸ್ಸು ಹತ್ತಿ ಬೆಂಗಳೂರು ಸೇರುವಷ್ಟರಲ್ಲಿ ನೀವು ಫೋನು ಹಿಡ್ಕೊಂಡು ಜಗಲಿಯಿಂದ ಕಣಕ್ಕೆ, ಕಣದಿಂದ ತೋಟದ ಬೇಲಿಗೆ ಓಡಾಡುತ್ತಿರುತ್ತೀರಿ. ‘ಹಲೋ... ಕೇಳಿಸ್ತಿದ್ಯಾ?’ ಊಹೂಂ, ಸಿಗ್ನಲ್ಲೇ ಇಲ್ಲ!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಇದು ಹೊಸ ಕಥೆಯೇನಲ್ಲ. ‘ನಂಗೆ ಫೋನ್ ಬಳಸೋಕೆ ಬರಲ್ಲ ಬಿಡಿ’ ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ. ಎಷ್ಟೋ ಸಲ ತಪ್ಪು ನಿಮ್ಮದಲ್ಲ, ಫೋನಿನದ್ದು. ಬ್ಯಾಂಕಿನ ಒಟಿಪಿ, ಸಂಘದ ಕಂತು, ಗೃಹಲಕ್ಷ್ಮಿ ದುಡ್ಡಿನ ಮೆಸೇಜು, ಕೊಬ್ಬರಿ ರೇಟು ಎಲ್ಲವೂ ಇವತ್ತು ಫೋನಿಗೇ ಬರುವಾಗ, ನಮ್ಮ ಮನೆಯಲ್ಲಿ ನಡೆಯದ ಫೋನು ಇದ್ದರೆಷ್ಟು, ಬಿಟ್ಟರೆಷ್ಟು?

ಬೀಗ ಹಾಕಿದ ಫೋನು

ಕೆಲವು ಫೋನುಗಳು ಒಂದೇ ಕಂಪನಿಯ ಸಿಮ್ಮಿಗೆ ಕಟ್ಟುಬಿದ್ದಿರುತ್ತವೆ. ಇದನ್ನು ‘ಲಾಕ್’ ಎನ್ನುತ್ತಾರೆ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಫೋನು ಕೊಟ್ಟದ್ದು ನೆನಪಿದೆಯೇ? ಅದು ಸಿಡಿಎಂಎ ಫೋನು, ಬೇರೆ ಕಂಪನಿಗೆ ಹೋಗುವಂತಿರಲಿಲ್ಲ. ಆ ಸೇವೆ ನಿಂತ ಮೇಲೆ ಫೋನು ಮಕ್ಕಳ ಆಟದ ಸಾಮಾನಾಯಿತು. ಅಮೆರಿಕದಲ್ಲೂ ಅಷ್ಟೇ. 2007ರಲ್ಲಿ ಬಂದ ಐಫೋನು 2011ರವರೆಗೆ ಎಟಿ ಅಂಡ್ ಟಿ ಕಂಪನಿ ಬಳಿ ಮಾತ್ರ ಸಿಗುತ್ತಿತ್ತು. 2017ರ ಜಿಯೋಫೋನು (1500 ರೂ. ಠೇವಣಿ), 2023ರ 999 ರೂಪಾಯಿಯ ಜಿಯೋ ಭಾರತ್ ಎರಡೂ ಜಿಯೋ ಸಿಮ್ಮನ್ನು ಮಾತ್ರ ಒಪ್ಪುವಂಥವು.

ಇದು ಮೋಸವೇ? ಅಲ್ಲ. ಕಂಪನಿ ಫೋನಿನ ಬೆಲೆ ಇಳಿಸುತ್ತದೆ, ರೀಚಾರ್ಜಿನಲ್ಲಿ ವಾಪಸ್ ಪಡೆಯುತ್ತದೆ. ಆ ಕಂಪನಿಯ ಸಿಗ್ನಲ್ ನಿಮ್ಮ ಮನೆಯಲ್ಲಿ ಚೆನ್ನಾಗಿದ್ದರೆ ಲಾಭವೇ. ಇಲ್ಲದಿದ್ದರೆ? 2011ರ ಜನವರಿಯಿಂದ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದು, ನಿಜ. ಆದರೆ ನಂಬರು ಹೋಗುತ್ತೆ, ಬೀಗದ ಫೋನು ಹೋಗಲ್ಲ! ಇಂಗ್ಲೆಂಡಿನಲ್ಲಂತೂ ಬೀಗ ಹಾಕಿದ ಫೋನು ಮಾರುವುದನ್ನೇ 2021ರ ಡಿಸೆಂಬರಿನಿಂದ ನಿಲ್ಲಿಸಿದ್ದಾರೆ.

ಬೀಗ ಇಲ್ಲದಿದ್ದರೂ...

ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ಫೋನುಗಳಿಗೆ ಬೀಗ ಇಲ್ಲ. ಆದರೂ ಸಿಗ್ನಲ್ ಸಿಗದಿರಬಹುದು. ರೇಡಿಯೋದಲ್ಲಿ ಆಕಾಶವಾಣಿ ಬರುವ ಜಾಗಕ್ಕೇ ಮುಳ್ಳು ತಿರುಗಿಸಬೇಕಲ್ಲವೇ? ಹಾಗೇ ಪ್ರತಿ ಕಂಪನಿಗೂ ತನ್ನದೇ ತರಂಗಗಳಿವೆ. ಇವಕ್ಕೆ ‘ಬ್ಯಾಂಡ್’ ಎನ್ನುತ್ತಾರೆ. ಬಿಎಸ್ಎನ್ಎಲ್ 4ಜಿ 700 ಮತ್ತು 2100 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ. 700ರ ತರಂಗ ದೂರ ಸಾಗುತ್ತದೆ, ಗೋಡೆಯನ್ನೂ ದಾಟುತ್ತದೆ. ತೋಟದ ಮನೆಗೆ ಬೇಕಾದದ್ದು ಇದೇ. ಆದರೆ ಹಳೆಯ 4ಜಿ ಫೋನುಗಳಲ್ಲಿ ಈ ಬ್ಯಾಂಡ್ (ನಂಬರು 28) ಇಲ್ಲದಿರಬಹುದು. ಇನ್ನು ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಆದ್ದರಿಂದ ಅತ್ತೆಯ ಹಳೇ ಬಟನ್ ಫೋನಿಗೆ ಜಿಯೋ ಸಿಮ್ ಹಾಕಿದರೆ ಅದು ಸುಮ್ಮನೆ ಕೂರುತ್ತದೆ, ಅಷ್ಟೇ.

ಕೊಳ್ಳುವ ಮುನ್ನ ಹೀಗೆ ಮಾಡಿ

* ಮೊದಲು ಸಿಗ್ನಲ್, ಆಮೇಲೆ ಫೋನು. ಅಕ್ಕಪಕ್ಕದವರ ಬೇರೆ ಬೇರೆ ಸಿಮ್ಮಿನ ಫೋನು ತಂದು ಅಡುಗೆಮನೆ, ಕೊಟ್ಟಿಗೆ, ತೋಟದ ನಡುವೆ ನಿಂತು ಮಾತಾಡಿ ನೋಡಿ. ಪೇಟೆಯ ಅಂಗಡಿಯಲ್ಲಿ ಸಿಗುವ ಸಿಗ್ನಲ್ ನಂಬಬೇಡಿ.

* ‘ಇದಕ್ಕೆ ಯಾವ ಕಂಪನಿಯ ಸಿಮ್ ಬೇಕಾದ್ರೂ ಹಾಕಬಹುದಾ?’ ಎಂದು ನೇರವಾಗಿ ಕೇಳಿ. ನಿಮ್ಮ ಸಿಮ್ಮನ್ನೇ ಹಾಕಿಸಿ, ಅಲ್ಲೇ ಒಂದು ಕರೆ ಮಾಡಿ. ಡಬ್ಬದ ಮೇಲೆ ಬ್ಯಾಂಡ್ ವಿವರ ಇಲ್ಲದಿದ್ದರೆ ಅಂಗಡಿಯವರಿಂದಲೇ ತೆಗೆಸಿ ನೋಡಿ.

* ಮಗಳು ಅಮೆರಿಕದಿಂದ ಐಫೋನು ತರುತ್ತಾಳೆಯೇ? ಸೆಟಿಂಗ್ಸ್‌ನಲ್ಲಿ ಜನರಲ್, ಅಬೌಟ್ ಒತ್ತಿ ‘ಕ್ಯಾರಿಯರ್ ಲಾಕ್’ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಇದೆಯೇ ಎಂದು ಅಲ್ಲೇ ನೋಡಲು ಹೇಳಿ. ಇಲ್ಲದಿದ್ದರೆ ಕಂತೆಲ್ಲ ತೀರಿಸಿ, ಅಲ್ಲಿನ ಕಂಪನಿಯಿಂದಲೇ ಬೀಗ ತೆಗೆಸಿ ತರಲಿ. ಇನ್ನೊಂದು ಮಾತು, 2022ರ ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಬೇಕು.

* ಸೆಕೆಂಡ್ ಹ್ಯಾಂಡ್ ಫೋನಾದರೆ *#06# ಒತ್ತಿ. ಬರುವ 15 ಅಂಕಿಯ ಐಎಂಇಐ ನಂಬರನ್ನು, ಮುಂದೆ ಇಂಗ್ಲಿಷಿನಲ್ಲಿ ‘ಕೆವೈಎಂ’ ಎಂದು ಸೇರಿಸಿ 14422ಕ್ಕೆ ಎಸ್ಎಂಎಸ್ ಮಾಡಿ. ಕದ್ದ ಮಾಲೆಂದು ತಡೆಹಿಡಿದ ಫೋನಾಗಿದ್ದರೆ ಗೊತ್ತಾಗುತ್ತದೆ.

* ಕಂಪನಿ ಬದಲಿಸಲು ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಸೇರಿಸಿ 1900ಕ್ಕೆ ಕಳಿಸಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟ ನಂಬರನ್ನು ಮಾತ್ರ ಯಾವ ಆಫರ್ ಆಸೆಗೂ ಬಿಡಬೇಡಿ.

ಅಟ್ಟದ ಕಾಯಿ ಒಡೆಯುವ ಮುನ್ನ ನೀವು ಏನು ಮಾಡುತ್ತೀರಿ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಒಳಗೆ ಗಿಟುಕು ಲೊಟಲೊಟ ಅಂದರೆ ಮಾತ್ರ ಮಚ್ಚು ಎತ್ತುತ್ತೀರಿ. ಫೋನು ಕೊಳ್ಳುವಾಗಲೂ ಅಷ್ಟೇ ಮಾಡಿ. ಮೊದಲು ಅಲ್ಲಾಡಿಸಿ ನೋಡಿ, ಆಮೇಲೆ ಪರ್ಸು ಬಿಚ್ಚಿ!