ಪೊಟರೆ ಮರ ಕಡಿಯೋ ಮುಂಚೆ ಒಮ್ಮೆ ಮೇಲೆ ನೋಡಿ

ಹಳಿಯಾಳ ತಾಲೂಕಿನಲ್ಲಿ ನನಗೆ ಮೂರು ಎಕರೆ ಮಳೆ ನಂಬಿದ ಹೊಲ. ಗೋವಿನಜೋಳ, ಹತ್ತಿ ಬೆಳೀತೇನೆ. ಬದುವಿನ ಮೇಲೆ ಹಳೇ ಮತ್ತಿ ಮರ, ನಡುವೆ ಪೊಳ್ಳು. ಅದರ ನೆರಳಿಗೆ ಮೂರು ಸಾಲು ಬೆಳೆ ಏಳೋದಿಲ್ಲ. ಒಂದು ಬೇಸಿಗೇಲಿ ಕಡಿಸಿಬಿಡೋಣ ಅಂತ ಆಳು ಕರಕೊಂಡು ನೋಡಲಿಕ್ಕೆ ಹೋದೆ. ಅಷ್ಟರಲ್ಲಿ ಬೂದು ಬಣ್ಣದ ಹಕ್ಕಿಯೊಂದು ಬಂದು ಪೊಟರೆಯ ಸಂದಿಗೆ ಬಾಗಿದ ಕೊಕ್ಕು ತೂರಿಸಿ ಹಣ್ಣು ಕೊಟ್ಟಿತು. ಒಳಗಿಂದ ಇನ್ನೊಂದು ಕೊಕ್ಕು ತಗೊಂಡಿತು. “ಒಳಗೆ ಬಾಣಂತಿ ಅದಾಳ್ರೀ” ಅಂದ ಆಳು. ಇಬ್ಬರೂ ವಾಪಸು ಬಂದೆವು.

ಅದು ಮಂಗಟ್ಟೆ. ಮರಾಠಿ ಆಡುವವರು ಧನೇಶ ಅಂತಾರೆ. ನಮ್ಮ ಸೀಮೆಯಲ್ಲಿ ನಾಲ್ಕು ಜಾತಿ ಇವೆ. ತಲೆ ಮೇಲೆ ಹಳದಿ ಟೊಪ್ಪಿಗೆ ಇಟ್ಟಂತಿರುವ ದೊಡ್ಡ ಮಂಗಟ್ಟೆ, ದಾಂಡೇಲಿಯ ಕಾಳಿ ಹೊಳೆ ಗುಂಟ ಗುಂಪಾಗಿ ಕಾಣುವ ಕಪ್ಪು-ಬಿಳಿ ಮಂಗಟ್ಟೆ, ಜೋಯಿಡಾದ ದಟ್ಟ ಕಾಡಿನ ಮಲಬಾರ ಬೂದು ಮಂಗಟ್ಟೆ, ಒಣ ಕಾಡು, ಊರ ಮರಗಳಿಗೂ ಬರುವ ಸಾದಾ ಬೂದು ಮಂಗಟ್ಟೆ. ದೊಡ್ಡದು ಹಾರುವಾಗ ರೆಕ್ಕೆಯ ಸದ್ದು ದೂರಕ್ಕೇ ಕೇಳುತ್ತದೆ.

ಇವುಗಳ ಸಂಸಾರ ವಿಚಿತ್ರ. ಹೆಣ್ಣು ಪೊಟರೆಯೊಳಗೆ ಹೊಕ್ಕು ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟೇ ಸಂದಿ ಬಿಡುತ್ತದೆ. ಒಳಗೇ ಅದರ ರೆಕ್ಕೆಪುಕ್ಕ ಉದುರಿ ಹೊಸದು ಬರುತ್ತವೆ. ದೊಡ್ಡ ಮಂಗಟ್ಟೆಯ ಮೊಟ್ಟೆ ಒಡೆಯಲು ಸುಮಾರು 40 ದಿನ ಬೇಕು. ಮರಿ ಅರ್ಧ ಬೆಳೆದ ಮೇಲೆ ತಾಯಿ ಹೊರಬರುತ್ತದೆ, ಮರಿ ಮತ್ತೆ ಬಾಗಿಲು ಮೆತ್ತಿಕೊಳ್ಳುತ್ತದೆ. ಅಲ್ಲಿವರೆಗೆ ದುಡಿದು ತರುವವನು ಗಂಡು ಒಬ್ಬನೇ. ಅವನಿಗೆ ಯಾರಾದರೂ ಗುಂಡು ಹೊಡೆದರೆ ಒಳಗಿನವರೂ ಹಸಿದು ಸಾಯಬಹುದು.

ಇನ್ನೊಂದು ಮಾತು. ಮರಕುಟಿಗನ ಹಾಗೆ ಮಂಗಟ್ಟೆಗೆ ತಾನೇ ಮರ ಕೊರೆಯಲಿಕ್ಕೆ ಬರೋದಿಲ್ಲ. ಕೊಂಬೆ ಮುರಿದು, ಕೊಳೆತು ಆದ ಪೊಟರೆಯೇ ಬೇಕು. ನಾವು ‘ಪೊಳ್ಳು, ಕೆಲಸಕ್ಕೆ ಬಾರದು’ ಅನ್ನುವ ಮರವೇ ಅದಕ್ಕೆ ಮನೆ. ಚಲೋ ಪೊಟರೆಗೆ ವರ್ಷ ವರ್ಷ ಬರುತ್ತದೆ. ಅಂಥ ಮರ ಕಡಿದು ನೂರು ಸಸಿ ನೆಟ್ಟರೂ ನಮ್ಮ ಕಾಲಕ್ಕೆ ಪೊಟರೆ ಆಗೋದಿಲ್ಲ.

ಊಟಕ್ಕೆ ಆಲ, ಬಸರಿ, ಅತ್ತಿ, ಗೋಣಿ ಹಣ್ಣು ಮುಖ್ಯ. ಇವು ಒಂದೊಂದು ಮರ ಒಂದೊಂದು ಹೊತ್ತಿಗೆ ಹಣ್ಣು ಬಿಡುವುದರಿಂದ ಬೇರೆ ಹಣ್ಣು ಇಲ್ಲದಾಗಲೂ ಹೊಟ್ಟೆ ತುಂಬುತ್ತದೆ. ನಾವು ಮುಟ್ಟಲು ಹೆದರುವ ಕಾಸರಕದ ಹಣ್ಣನ್ನೂ ಕಪ್ಪು-ಬಿಳಿ ಮಂಗಟ್ಟೆ ತಿನ್ನುತ್ತದೆ. ಹುಳು, ಹಲ್ಲಿಯೂ ಆದೀತು. ದೊಡ್ಡ ಬೀಜಗಳನ್ನು ದೂರ ಹೋಗಿ ಕಕ್ಕುತ್ತದೆ, ಸಣ್ಣವು ಹಿಕ್ಕೆಯಲ್ಲಿ ಬೀಳುತ್ತವೆ. ಕೂಲಿ ಕೇಳದೆ ಕಾಡು ಬಿತ್ತುವ ಆಳು ಇದು.

2011ರಲ್ಲಿ ಸರಕಾರ ದಾಂಡೇಲಿ ಸುತ್ತ ಕಾಳಿ ದಂಡೆಯ ಕಾಡನ್ನು ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಸಾರಿತು. ಒಳ್ಳೇದೇ ಆಯಿತು. ಆದರೆ ಹಕ್ಕಿಗೆ ಗಡಿಕಲ್ಲು ಗೊತ್ತಿಲ್ಲ. ಹಳಿಯಾಳ, ಮುಂಡಗೋಡದ ನಮ್ಮ ಬದುಗಳಲ್ಲಿ ಮರ ಉಳಿಸೋರು ನಾವೇ.

ನಾನು ಮಾಡಿದ್ದು ಇಷ್ಟೇ. ಮತ್ತಿ ಮರ ಬಿಟ್ಟೆ. ನೆರಳು ಹೊಲಕ್ಕೆ ಬೀಳದ ಮೂಲೇಲಿ, ಬಾವಿ, ಮನೆಯಿಂದ ದೂರ, ಮಳೆಗಾಲದ ಮೊದಲಿಗೆ ಗೋಣಿ ಮರದ ದಪ್ಪ ಗೂಟ ನೆಟ್ಟೆ. ಚಿಗುರಿದೆ. ಮೂರು ಸಾಲು ಗೋವಿನಜೋಳ ಈಗಲೂ ಹೋಗುತ್ತದೆ, ಸುಳ್ಳು ಹೇಳೋದಿಲ್ಲ. ಅದು ಬಾಣಂತಿಯ ಪಾಲು ಅಂತ ಬಿಟ್ಟಿದ್ದೇನೆ. ನಿಮ್ಮ ಹೊಲದಲ್ಲಿ ಪೊಳ್ಳು ಮರ ಇದ್ದರೆ ಕೊಡಲಿ ಹಿಡಿಯೋ ಮುಂಚೆ ಅರ್ಧ ತಾಸು ಕೆಳಗೆ ಕೂತು ನೋಡಿ.