ಅಳತೆಪಟ್ಟಿ ಒಪ್ಪಿದರೂ ಕಣ್ಣು ಒಪ್ಪದು

ವಿಡಿಯೊ ಶುರು ಮಾಡಲು ಒತ್ತುವ ಪ್ಲೇ ಗುಂಡಿಯನ್ನೇ ತೆಗೆದುಕೊಳ್ಳಿ. 10 ಮಿ.ಮೀ. ತ್ರಿಜ್ಯದ ವೃತ್ತ, ಒಳಗೆ ಬಲಕ್ಕೆ ಮುಖ ಮಾಡಿದ ಸಮಬಾಹು ತ್ರಿಭುಜ, ಬುಡದಿಂದ ತುದಿಗೆ 12 ಮಿ.ಮೀ. ‘ನಡುವೆ ಕೂರಿಸು’ ಎಂದರೆ ಕಂಪ್ಯೂಟರ್ ಬುಡವನ್ನೂ ತುದಿಯನ್ನೂ ಕೇಂದ್ರದಿಂದ ತಲಾ 6 ಮಿ.ಮೀ. ದೂರದಲ್ಲಿ ಇಡುತ್ತದೆ. ಲೆಕ್ಕವೇನೋ ಸರಿ. ಆದರೆ ತ್ರಿಭುಜ ಎಡಕ್ಕೆ ಜರುಗಿದಂತೆ ಕಾಣುತ್ತದೆ. ಎಡಗಡೆಯ ಎರಡು ಮೂಲೆಗಳಿಗೂ ವೃತ್ತದ ಅಂಚಿಗೂ ನಡುವೆ 1 ಮಿ.ಮೀ. ಕೂಡ ಇಲ್ಲ, ಬಲತುದಿಯ ಮುಂದೆ 4 ಮಿ.ಮೀ. ಖಾಲಿ. ತ್ರಿಭುಜದ ಗುರುತ್ವಕೇಂದ್ರ ಇರುವುದು ಬುಡದಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ, ಅಂದರೆ 4 ಮಿ.ಮೀ. ಆಚೆ. ಆಕೃತಿಯನ್ನು 2 ಮಿ.ಮೀ. ಬಲಕ್ಕೆ ಸರಿಸಿದರೆ ಈ ಗುರುತ್ವಕೇಂದ್ರ ವೃತ್ತಕೇಂದ್ರಕ್ಕೆ ಬಂದು ಕೂರುತ್ತದೆ. ಆಗ ಮೂರೂ ಮೂಲೆಗಳ ಮುಂದೆ ತಲಾ 2 ಮಿ.ಮೀ. ಜಾಗ.

ಕಣ್ಣು ಹೀಗೆ ತೂಗುತ್ತದೆ ಎಂಬುದನ್ನು ವಿವರವಾಗಿ ಬರೆದವರು ಜರ್ಮನಿಯಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ ರುಡಾಲ್ಫ್ ಆರ್ನ್‌ಹೈಮ್. 1954ರಲ್ಲಿ ಬಂದ ಅವರ ‘ಆರ್ಟ್ ಆ್ಯಂಡ್ ವಿಶುವಲ್ ಪರ್ಸೆಪ್ಶನ್’ ಪುಸ್ತಕದ ಪ್ರಕಾರ, ಆಕೃತಿಯೊಂದು ಚಿತ್ರದ ಕೇಂದ್ರದಿಂದ ದೂರ ಹೋದಷ್ಟೂ ಅದರ ದೃಶ್ಯಭಾರ ಹೆಚ್ಚುತ್ತದೆ. ಶಾಲೆಯಲ್ಲಿ ಓದಿದ ಸನ್ನೆಗೋಲಿನ ನಿಯಮವೇ ಇದು.

ಶೂ ಕಂಪನಿ ನೈಕಿಯ ಲಾಂಛನ ‘ಸ್ವೂಶ್’ ನಿಂತಿರುವುದು ಈ ನಿಯಮದ ಮೇಲೆಯೇ. ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ 1971ರಲ್ಲಿ ಅದನ್ನು ಬರೆದುಕೊಟ್ಟರು. ಸಿಕ್ಕ ಸಂಭಾವನೆ 35 ಡಾಲರ್. ಎಡಕ್ಕೆ ದಪ್ಪನೆಯ ಗಿಡ್ಡ ಬಾಗು, ಬಲಕ್ಕೆ ಸಣ್ಣಗಾಗುತ್ತಾ ಮೇಲೇರುವ ಉದ್ದನೆಯ ಬಾಲ. ಭಾರದ್ದು ಹತ್ತಿರ, ಹಗುರದ್ದು ದೂರ. ಹಾಗಾಗಿ ಎರಡು ಬದಿ ಒಂದೇ ತೆರನಾಗಿಲ್ಲದಿದ್ದರೂ ಆಕೃತಿ ಮಗುಚುವುದಿಲ್ಲ. ದಪ್ಪದಿಂದ ತೆಳುವಿಗೆ ಜಾರುವ ನೋಟವೇ ಓಟದ ಭಾವ ತರುತ್ತದೆ. ಎರಡೂ ತುದಿಯನ್ನು ಸಮ ದಪ್ಪಕ್ಕೆ ತಂದುಬಿಟ್ಟರೆ ಉಳಿಯುವುದು ಬರೀ ಒಂದು ಬಾಗಿದ ಪಟ್ಟಿ.

ನಮ್ಮ ದೂರದರ್ಶನದ ಲಾಂಛನ ಇನ್ನೊಂದು ದಾರಿ ಹಿಡಿದಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ರೂಪಿಸಿದ ಆ ಕಣ್ಣಿನಲ್ಲಿ ನಡುವಿನ ಗೋಲವನ್ನು ಎರಡು ಬಾಗುಗಳು ಸುತ್ತುವರಿದಿವೆ. ಚಿತ್ರವನ್ನು 180 ಡಿಗ್ರಿ ತಿರುಗಿಸಿದರೂ ಅದು ಹಾಗೆಯೇ ಇರುತ್ತದೆ. ನಡುವೆ ಗೆರೆ ಎಳೆದರೆ ಮಾತ್ರ ಒಂದು ಅರ್ಧ ಇನ್ನೊಂದರ ಕನ್ನಡಿಬಿಂಬವಲ್ಲ. ತಿರುಗಿಸಿದರೂ ಬದಲಾಗದ ಕಾರಣ ಅದು ಸ್ಥಿರ. ಕನ್ನಡಿಬಿಂಬವಲ್ಲದ ಕಾರಣ ಸುತ್ತುತ್ತಿರುವಂತೆ ತೋರುತ್ತದೆ. ನನ್ನ ಮಟ್ಟಿಗೆ ಸ್ವೂಶ್‌ಗಿಂತ ಇದೇ ಹೆಚ್ಚು ಜಾಣ ರಚನೆ.

ಅಂಗಡಿಗೋ ಸಂಘಕ್ಕೋ ಲೋಗೊ ಮಾಡಿಸುವವರು ಒಪ್ಪಿಗೆ ಕೊಡುವ ಮುನ್ನ ಮೊಬೈಲಿನಲ್ಲಿ ಅದನ್ನು ಒಮ್ಮೆ ತಲೆಕೆಳಗು ಮಾಡಿ, ಒಮ್ಮೆ ಎಡಬಲ ಮಗುಚಿ ನೋಡಿ. ಅಕ್ಷರ ಓದುವ ಗೊಡವೆ ತಪ್ಪುವುದರಿಂದ ಭಾರ ಯಾವ ಕಡೆ ವಾಲಿದೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ.